ಹೋಗಿಬರುವ ಮಾತು

ಜೂನ್ 4, 2006, ಭಾನುವಾರ

ಮದುವೆಯಾಗಿ ಮೂರು ವಾರ! ಇನ್ನೂ ಬೆಳಿಗ್ಗೆ ಎದ್ದ ತಕ್ಷಣ ಇದು ಯಾರ ಮನೆ ಎಂದು ಒಂದು ಕ್ಷಣ ಯೋಚಿಸುತ್ತೇನೆ. ಆಮೇಲೆ ಪಕ್ಕದಲ್ಲಿ ರವೀಶ್ ಮಲಗಿರುವುದು ಕಾಣಿಸುತ್ತದೆ. ಅಯ್ಯೋ, ಎಷ್ಟು ಚೆನ್ನಾಗಿದೆ ಈ ಜಗತ್ತು!

ಈ ಡೈರಿಯನ್ನು ಕನ್ನಡದಲ್ಲೇ ಬರೆಯುತ್ತೇನೆಂದು ಹಠ ತೊಟ್ಟಿದ್ದೇನೆ. ಮೊನ್ನೆ ಅಂಗಡಿ ಚೀಟಿಯಲ್ಲಿ ತೊಗರಿಬೇಳೆಯನ್ನು ‘ತೋಗರಿಬೆಳೆ’ ಎಂದು ಬರೆದಿದ್ದಕ್ಕೆ ರವೀಶ್ ಗೋಡೆ ಹಿಡಿದುಕೊಂಡು ನಕ್ಕರು. “ವಿಮಾನ ಹಾರಿಸೋಳಿಗೆ ಒಂದು ದೀರ್ಘ ಹಾಕೋಕೆ ಬರಲ್ವಲ್ಲೇ!” ಅಂದರು. ನಗಲಿ. ಬೆಂಗಳೂರಿನ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ ಕಟ್ಟಿಸುತ್ತಿದ್ದರು ಎಂದು ಈ ಕುಣಿಗಲ್ಲಿನ ಕುದುರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ತಪ್ಪು ಬರೆದರೆ ನಗುವವರಿಲ್ಲ.

ಶುಕ್ರವಾರ ರಜೆ ಮುಗಿಸಿ ಕೆಲಸಕ್ಕೆ ಹೊರಟೆ. ಶೆಟ್ಟಿಹಳ್ಳಿಯ ಈ ಮನೆಯಿಂದ ಗುಬ್ಬಿ ರಸ್ತೆಯ ನಮ್ಮ ಕಂಪನಿಯ ರನ್‌ವೇಗೆ ಜೀಪು ಬರುತ್ತದೆ. ಬಾಗಿಲಲ್ಲಿ ಶೂ ಹಾಕಿಕೊಂಡು, “ಅತ್ತೆ, ನಾನ್ ಹೋಗ್ತೀನಿ” ಅಂದೆ. ಅತ್ತೆ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬಂದರು.

“ಬುಡ್ತು ಅನ್ನು! ಬಾಗ್ಲಲ್ ನಿಂತ್ಕಂಡು ಓಯ್ತೀನಿ ಅಂತಾರೇನವ್ವ? ಬತ್ತೀನಿ ಅನ್ಬೇಕು.”

“ಆದ್ರೆ ಅತ್ತೆ, ನಾನು ಹೋಗ್ತಾ ಇದೀನಲ್ಲ?”

“ಓಗೋದ್ ನಂಗ್ ಕಾಣಾಕಿಲ್ವೇ? ಬರೋದ್ನ ನೀನೇ ಹೇಳ್ಬೇಕು. ಅದ್ರಲ್ಲೂ ನೀನ್ ಓಗೋದು ಮ್ಯಾಲಕ್ಕೆ!”

“ಬಿಡ್ತು, ಬರ್ತೀನಿ” ಅಂದ ಮೇಲೆಯೇ ಜೀಪು ಹತ್ತಲು ಬಿಟ್ಟರು. ಹಾಲು ಉಕ್ಕಿ ಚೆಲ್ಲಿತ್ತು. ಹೋಗುವಾಗ ‘ಬರ್ತೀನಿ’ ಎನ್ನುವುದು! ಇದೆಂಥ ತರ್ಕವಪ್ಪಾ!

ಜೂನ್ 17, ಶನಿವಾರ

ಇವತ್ತು ಎಡಗಡೆ ಸೀಟು!!

ಕಾಕ್‌ಪಿಟ್ಟಿನ ಎಡಗಡೆ ಸೀಟು ಕ್ಯಾಪ್ಟನ್ನಿನದು. ಎರಡು ವರ್ಷ ಬಲಗಡೆ ಕೂತು ಆ ಸೀಟನ್ನು ನೋಡಿದ್ದೆ. ಪರೀಕ್ಷೆ ಪಾಸಾದ ಕಾಗದ ಸೋಮವಾರ ಬಂತು, ಇವತ್ತು ಅಲ್ಲಿ ಕೂತೆ. (ಅತ್ತೆ ಕೇಳಿದರು: “ಬಸ್ಸಲ್ಲಿ ಡ್ರೈವರು ಬಲಗಡೆ ಕೂತ್ಕತಾನೆ, ನಿಮ್ದೇನವ್ವ ಎಲ್ಲಾ ಉಲ್ಟಾ?”)

ನಮ್ಮದು ಬಹಳ ಪುಟ್ಟ ಸಂಸಾರ. ಗ್ರಾನೈಟ್ ವ್ಯಾಪಾರದ ಶಿವರಾಮಯ್ಯನವರದು ಒಂದೇ ವಿಮಾನ, ಎರಡು ಎಂಜಿನ್, ಆರು ಸೀಟು. ಪೈಲಟ್‌ಗಳು ನಾನು ಮತ್ತು ಏರ್‌ಫೋರ್ಸಿನಿಂದ ನಿವೃತ್ತರಾದ ಕನಕರಾಜು ಸಾರ್. ಒಬ್ಬ ಎಂಜಿನಿಯರ್. ರನ್‌ವೇ ಮೇಲೆ ಮಲಗುವ ನಾಯಿ, ಎಮ್ಮೆಗಳನ್ನು ಸೈಕಲ್ಲಿನಲ್ಲಿ ಹೋಗಿ ಓಡಿಸಲು ಚಿಕ್ಕಮಾರಯ್ಯ. ಅಷ್ಟೇ!

ನಮ್ಮ ಧಣಿಗಳಿಗೆ ಒಂದು ಅಭ್ಯಾಸವಿದೆ. ವಿಮಾನದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, ಒಳಗೆ ಕತ್ತು ಚಾಚಿ, “ಹೋಗ್ಬುಟ್ ಬರಾನ?” ಎಂದು ಕೇಳುತ್ತಾರೆ. ಎಡಗಡೆ ಸೀಟಿನಿಂದ ಕನಕರಾಜು ಸಾರ್ “ಬರೋಣ ಸಾರ್” ಅನ್ನಬೇಕು. ಆಮೇಲೆಯೇ ಎರಡನೇ ಕಾಲು ಮೇಲೆ ಬರುವುದು. ಎರಡು ವರ್ಷ ಇದನ್ನು ಕೇಳಿಯೂ ನನ್ನ ತಲೆಗೆ ಹೋಗಿರಲಿಲ್ಲ. ಇವತ್ತು ಧಣಿಗಳು ಕೇಳಿದರು. ಅದು ನನಗೆ ಕೇಳಿದ ಪ್ರಶ್ನೆ ಎಂದೇ ಗೊತ್ತಾಗದೆ, “ರೆಡಿ ಟು ಗೋ ಸರ್!” ಅಂದುಬಿಟ್ಟೆ. ಧಣಿಗಳು ಒಂದೇ ಕಾಲಲ್ಲಿ ನಿಂತೇ ಇದ್ದರು, ಕೆರೆಯ ಕೊಕ್ಕರೆಯ ಹಾಗೆ. ಕನಕರಾಜು ಸಾರ್ ಬಲಗಡೆಯಿಂದ “ಬರೋಣ ಸಾರ್” ಎಂದು ನನ್ನ ಮಾನ ಉಳಿಸಿದರು. ಆಮೇಲೆ ಮೆಲ್ಲಗೆ, “ಈ ಮಾತು ಎಡಗಡೆ ಸೀಟಿಂದಮ್ಮ, ಇನ್ಮೇಲೆ ನೀನೇ ಹೇಳ್ಬೇಕು” ಅಂದರು.

ಮೇಲೆ ಹೋದ ಮೇಲೆ ಕಂಡದ್ದನ್ನು ಹೇಗೆ ಬರೆಯಲಿ? ಮೋಡದ ಹಾಸಿನ ಮೇಲೆ ನಮ್ಮ ವಿಮಾನದ ನೆರಳು ಓಡುತ್ತಿತ್ತು, ಬೆರಳಿನಷ್ಟು ಉದ್ದ. ಅದರ ಸುತ್ತ ದುಂಡಗೆ, ಪೂರ್ತಿಯಾಗಿ, ಏಳೂ ಬಣ್ಣದ ಒಂದು ಬಳೆ! ನೆಲದಲ್ಲಿದ್ದವರಿಗೆ ಕಾಮನಬಿಲ್ಲು ಅರ್ಧವೇ ಸಿಗುವುದು. ನಮಗೆ ಪೂರಾ ಸಿಕ್ಕಿತು. ಇದು ನೀರಹನಿ, ಬೆಳಕು, ಕೋನ ಎಂದು ಪುಸ್ತಕದಲ್ಲಿ ಓದಿ ಬರೆದು ಪಾಸಾಗಿದ್ದೇನೆ. ಆದರೂ ಮೋಡ ಮುಗಿಯುವವರೆಗೂ ಅದನ್ನೇ ಬಗ್ಗಿ ಬಗ್ಗಿ ನೋಡಿದೆ.

ಜೂನ್ 24, ಶನಿವಾರ

ನಾಡಿದ್ದಿನಿಂದ ಆಷಾಢ. ಹೊಸ ಸೊಸೆ, ಅತ್ತೆ ಒಂದೇ ಹೊಸ್ತಿಲು ದಾಟಬಾರದಂತೆ. ಬೆಂಗಳೂರಿಗೆ ಅಮ್ಮನ ಮನೆಗೆ ಹೋಗಬೇಕು, ಆದರೆ ಕೆಲಸ? ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಅತ್ತೆ ಚೀಲಕ್ಕೆ ಸೀರೆ ತುಂಬುತ್ತಿದ್ದರು.

“ನಿನ್ ಇಮಾನ ಬುಟ್ಟು ನೀನೆಲ್ಲವ್ವ ಓದೀಯ? ಹೊಸ್ಲು ದಾಟ್ಬಾರ್ದು ಅಂದವ್ರೆ, ಯಾರ್ ಓಗ್ಬೇಕು ಅಂತ ಹೇಳವ್ರಾ? ನಾನೇ ಊರಿಗೆ ಓಗಿ ನಿಮ್ಮಾವನ್ ತಾವ ಇರ್ತೀನಿ. ತೋಟದಲ್ಲಿ ಕಾಯಿ ಕೀಳ್ಸೋದೂ ಐತೆ.”

ಅಂದರೆ ಒಂದು ತಿಂಗಳು ಮನೆಯಲ್ಲಿ ನಾವಿಬ್ಬರೇ! ಆಷಾಢದ ಉದ್ದೇಶವೇ ತಲೆಕೆಳಗಾಯಿತಲ್ಲ ಎಂದು ಹೇಳಲು ಬಾಯಿ ತೆರೆದೆ, ಅತ್ತೆಯ ಕಣ್ಣಿನ ಮೂಲೆಯ ನಗು ನೋಡಿ ಮುಚ್ಚಿಕೊಂಡೆ. ಗುಬ್ಬಿ ಬಸ್ಸು ಹತ್ತುವಾಗ “ಬತ್ತೀನಿ ಕಣವ್ವ” ಅಂದರು.

ಇನ್ನೊಂದು ಸುದ್ದಿ. ದೆಹಲಿಯ ಒಂದು ದೊಡ್ಡ ಏರ್‌ಲೈನ್ಸ್ ನನ್ನನ್ನು ಕರೆದಿದೆ! ನೂರಾ ಎಂಬತ್ತು ಸೀಟಿನ ಜೆಟ್! ಜುಲೈ ಕೊನೆಯೊಳಗೆ ಉತ್ತರ ಕೊಡಬೇಕು. ದೆಹಲಿಯಲ್ಲೇ ಇರಬೇಕು. ರವೀಶ್‌ಗೆ ಇನ್ನೂ ಹೇಳಿಲ್ಲ. ಅವರ ಕುದುರೆಗಳು ದೆಹಲಿಗೆ ಬರುವುದಿಲ್ಲ.

ಜುಲೈ 1, ಶನಿವಾರ

ಸಂಬಳ ಬಂತು. ಕೋ-ಪೈಲಟ್ ಸಂಬಳ. ಮೊದಲಿನಷ್ಟೇ.

ಎಂಜಿನಿಯರನ್ನು ಕೇಳಿದೆ. ಆಫೀಸಿನ ಪ್ರಕಾರ ನಾನು ಇನ್ನೂ ಕೋ-ಪೈಲಟ್ಟೇ ಅಂತೆ. ಎರಡು ವಾರದಿಂದ ಎಡಗಡೆ ಕೂತು ಹಾರಿಸುತ್ತಿರುವವಳು ಯಾರು ಹಾಗಾದರೆ?

ಸರಿ. ಇಲ್ಲಿ ಕ್ಯಾಪ್ಟನ್ ಅಂತ ಒಪ್ಪಿ ಕ್ಯಾಪ್ಟನ್ ಸಂಬಳ ಕೊಟ್ಟರೆ ಇಲ್ಲೇ. ಇಲ್ಲದಿದ್ದರೆ ದೆಹಲಿ. ತೀರ್ಮಾನ!

ಜುಲೈ 3, ಸೋಮವಾರ

ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಎಂಥ ಭಾಷಣ ಸಿದ್ಧ ಮಾಡಿದ್ದೆ! ಶಿರಾ ಗೇಟಿನ ಆಫೀಸಿನ ಮೆಟ್ಟಿಲು ಹತ್ತುವವರೆಗೂ ಒಂದು ಪದ ತಪ್ಪಿರಲಿಲ್ಲ.

“ಏನಮ್ಮ ಗುಬ್ಬಿ ಸೊಸೆ! ಹಾರ್ಕೊಂಡ್ ಬಂದ್ಯಾ? ಕೂತ್ಕೋ. ಕಾಫಿ ಕುಡೀತೀಯ?” ಎಂದರು ಧಣಿಗಳು.

ನನ್ನ ಇಂಗ್ಲಿಷ್ ಭಾಷಣ ಕಾಫಿಯಿಂದ ಶುರುವಾಗುತ್ತಿರಲಿಲ್ಲ. ಕಾಫಿ ಕುಡಿದೆ. ಹೇಗೋ, “ಸಾರ್, ನಾನೀಗ ಕ್ಯಾಪ್ಟನ್. ಸಂಬಳ ಮಾತ್ರ ಹಳೇದೇ ಬಂದಿದೆ” ಅಂದೆ.

ಅವರು ಕಿಟಕಿಯಾಚೆ ಆಕಾಶವನ್ನೇ ತೋರಿಸಿದರು, ಅಲ್ಲಿ ಏನೋ ಬರೆದಿರುವ ಹಾಗೆ. “ಆಷಾಢ ಕಣಮ್ಮ! ಆಷಾಢದಲ್ಲಿ ಒಂದ್ ಬೋರ್ ಕೊರ್ಸಲ್ಲ, ಒಂದ್ ಎಮ್ಮೆ ಕೊಳ್ಳಲ್ಲ. ಹೊಸ ಸಂಬಳ ಶುರು ಮಾಡಿದ್ರೆ ನಿಂಗೇ ಒಳ್ಳೇದಲ್ಲ. ಶ್ರಾವಣ ಬರ್ಲಿ, ನೋಡಾನ.”

“ಥ್ಯಾಂಕ್ಯೂ ಸಾರ್” ಅಂದು ಬಂದೆ. ಯಾತಕ್ಕೆ ಥ್ಯಾಂಕ್ಯೂ?

ಜುಲೈ 4

ಯಾತಕ್ಕೆ??

ಜುಲೈ 16, ಭಾನುವಾರ

ರವೀಶ್ ಜೊತೆ ಬೈಕಿನಲ್ಲಿ ಕುಣಿಗಲ್ಲಿಗೆ ಹೋಗಿದ್ದೆ. ಅಲ್ಲಿನ ಕುದುರೆ ಫಾರಂ ಅನ್ನು ಮೇಲಿನಿಂದ ಎಷ್ಟು ಸಲ ನೋಡಿದ್ದೇನೆ! ದೊಡ್ಡ ಕೆರೆಯ ತಗಡಿನ ಹೊಳಪು, ಬಿಳಿ ಬೇಲಿಗಳ ಚೌಕ, ಅದರೊಳಗೆ ಕಡಲೆಕಾಳಿನಂಥ ಚುಕ್ಕಿಗಳು. ಇವತ್ತು ಒಂದು ಕಡಲೆಕಾಳಿನ ಎದುರು ನಿಂತೆ. ಅದು ನನಗಿಂತ ಎತ್ತರವಿತ್ತು. ಅದರ ಉಸಿರು ನನ್ನ ಕೈಯ ಮೇಲೆ ಬಿಸಿಯಾಗಿ ಬಿತ್ತು. ಎಂಜಿನ್ ಎಂದರೆ ಏನು ಎಂದು ನನಗೆ ಗೊತ್ತು ಅಂದುಕೊಂಡಿದ್ದೆ, ಆ ಎದೆಯ ಮೇಲೆ ಕೈಯಿಟ್ಟಾಗ ಏನೂ ಗೊತ್ತಿಲ್ಲ ಅನ್ನಿಸಿತು.

“ನಿನ್ ವಿಮಾನ ಮೇಲೆ ಹೋದ್ರೆ ಬೇರೆ ಕುದುರೆ ಎಲ್ಲಾ ಬೆದರ್ತವೆ. ಇವಳು ಮಾತ್ರ ಕಿವಿ ಎತ್ತಿ ನೋಡ್ತಾ ನಿಂತ್ಕೋತಾಳೆ” ಅಂದರು ರವೀಶ್. “ಜೊತೆಗೆ ನಾನೂ.”

ಪ್ರತಿ ಸಲವೂ ನೋಡುತ್ತಾರಂತೆ! ನನಗೆ ಗೊತ್ತೇ ಇರಲಿಲ್ಲ.

ಆ ಗಳಿಗೆಯಲ್ಲೇ ದೆಹಲಿಯ ವಿಷಯ ಹೇಳಿದೆ. ಅವರು ಕುದುರೆಯ ಕುತ್ತಿಗೆ ನೇವರಿಸುತ್ತಲೇ ಇದ್ದರು. ಕೈ ತೆಗೆಯದೆಯೇ, “ಹೋಗ್ಬಿಟ್ ಬಾ ಕಣೇ” ಅಂದರು. ಅಷ್ಟೇ!

ಹೋಗು ಎನ್ನುವುದು ಅಷ್ಟು ಸುಲಭವೇ? ಬೇಡ ಕಣೇ ಎಂದು ಒಂದು ಸಲ ಅನ್ನಬಾರದೇ? ವಾಪಸು ಬರುವಾಗ ದಾರಿಯುದ್ದಕ್ಕೂ ಅವರ ಬೆನ್ನನ್ನೇ ದುರುಗುಟ್ಟಿ ನೋಡುತ್ತಾ ಕೂತಿದ್ದೆ. ಕ್ಯಾತ್ಸಂದ್ರದಲ್ಲಿ ಇಡ್ಲಿ ಕೊಡಿಸಿದರು. ತಟ್ಟೆ ಇಡ್ಲಿ ಎಷ್ಟು ಮೆತ್ತಗಿತ್ತೆಂದರೆ ಕೋಪ ಪೂರ್ತಿಯಾಗಿ ನಿಲ್ಲಲಿಲ್ಲ.

ಜುಲೈ 26, ಬುಧವಾರ

ಶ್ರಾವಣ! ಅತ್ತೆ ಬಂದರು, ಒಂದು ಮೂಟೆ ಎಳನೀರು ಹೊರಿಸಿಕೊಂಡು. ಮನೆಗೆ ಮತ್ತೆ ಒಗ್ಗರಣೆಯ ವಾಸನೆ ಬಂತು. ಅತ್ತೆಯನ್ನು ಇಷ್ಟು ಕಾಯುತ್ತಿದ್ದೆನೇ ನಾನು?

ಕನಕರಾಜು ಸಾರ್ ಸಂಜೆ ವಿಮಾನಕ್ಕೆ ಹೊದಿಕೆ ಹಾಕುವಾಗ ಕೇಳಿದರು, “ಮತ್ತೆ ಕೇಳಿದ್ಯೇನಮ್ಮ?”

“ಅವರಾಗೇ ಕೊಡಬಹುದು ಸಾರ್, ಶ್ರಾವಣ ಬಂತಲ್ಲ.”

“ದೇವರಿಗೇ ಒಂದು ಕಾಯಿ ಒಡೆದು ಕೇಳ್ತೀವಿ. ಇವರು ದೇವರಿಗಿಂತ ಬಿಜಿ.”

ಜುಲೈ 28, ಶುಕ್ರವಾರ

ಹೇಗೆ ಬರೆಯಲಿ? ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು!

ಈ ಸಲ ಭಾಷಣವಿಲ್ಲ, ಇಂಗ್ಲಿಷಿಲ್ಲ, ಕಾಫಿಯೂ ಬೇಡ ಅಂದೆ. ನೇರವಾಗಿ ಕೇಳಿದೆ. ಧಣಿಗಳು ಕುರ್ಚಿಗೆ ಒರಗಿಕೊಂಡರು.

“ನೋಡು ತಾಯಿ, ಸಿಟ್ ಮಾಡ್ಕೋಬ್ಯಾಡ. ನೀನ್ ಚೆನ್ನಾಗಿ ಓಡಿಸ್ತೀಯ, ನಾನಿಲ್ಲ ಅನ್ನಲ್ಲ. ಆದ್ರೆ ಹೊಸದಾಗಿ ಮದ್ವೆ ಆಗಿದೀಯ. ನಾಳೆ ಒಂದ್ ತೊಟ್ಲು ಕಟ್ಕೊಂಡು ಕೂತ್ಕೊಂಡ್ರೆ ನನ್ ಇಮಾನದ ಗತಿ ಏನು? ಕ್ಯಾಪ್ಟನ್ ಅಂತ ಮಾಡಿ, ಆಮ್ಯಾಕೆ ನೀನ್ ಹೊಂಟೋದ್ರೆ?”

“ಕನಕರಾಜು ಸಾರ್‌ಗೆ ಮೂರು ಜನ ಮಕ್ಕಳು ಸಾರ್. ಅವರನ್ನ ಹೀಗೆ ಕೇಳಿದ್ರಾ?”

“ಅವ್ರು ಹೆತ್ರೇನಮ್ಮ?” ಎಂದು ನಕ್ಕರು. ಮೂಲೆಯಲ್ಲಿದ್ದ ಗುಮಾಸ್ತನೂ ನಕ್ಕ.

ಎದ್ದು ನಿಂತೆ. ಹೇಳಬೇಕಾದ್ದು ಒಂದೇ ವಾಕ್ಯ: ‘ಹಾಗಾದ್ರೆ ನಾನು ಹೋಗ್ತೀನಿ.’ ದೆಹಲಿಯ ಕಾಗದ ಬ್ಯಾಗಿನಲ್ಲೇ ಇತ್ತು. ಬಾಗಿಲ ಹತ್ತಿರ ಹೋಗಿ ತಿರುಗಿ, ಸಿನಿಮಾದಲ್ಲಿ ಮಾಡುವ ಹಾಗೆ ಕತ್ತು ಎತ್ತಿ, “ಹಾಗಾದ್ರೆ ಸಾರ್... ನಾನು...” ಎಂದೆ. ಕಾಲು ಹೊಸ್ತಿಲ ಮೇಲಿತ್ತು. ಅಲ್ಲೇ ಎಡವಟ್ಟಾಯಿತು. ಎರಡು ತಿಂಗಳು ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಹೇಳಿದ ಮಾತೇ ಬಾಯಿಂದ ಬಂತು:

“ಬರ್ತೀನಿ.”

ಧಣಿಗಳ ಮುಖ ಅರಳಿತು. “ಹ್ಞೂ, ಹೋಗ್ ಬಾ ತಾಯಿ. ಬುಧವಾರ ಬೆಳಗಾವಿ ಐತೆ, ನಮ್ ಮನೆಯವಳೂ ಬತ್ತಾಳೆ.”

ಕೆಲಸ ಬಿಡುತ್ತೇನೆಂದು ಹೆದರಿಸಲು ಹೋಗಿ ಶಿಸ್ತಾಗಿ ಅಪ್ಪಣೆ ತೆಗೆದುಕೊಂಡು ಬಂದ ಹಾಗಾಯಿತು!

ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಯ ಎದುರು ಗೋಳೋ ಎಂದು ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿದರು. ಮೊದಲು ತುಟಿ ಬಿಗಿ ಹಿಡಿದರು, ಆಮೇಲೆ ಭುಜ ಕುಲುಕಿತು, ಆಮೇಲೆ ಸೆರಗು ಬಾಯಿಗೆ ಹೋಯಿತು.

“ಅಯ್ಯೋ ನನ್ ಮಗಳೇ! ನಾನ್ ಹೇಳ್ಕೊಟ್ಟಿದ್ದು ಮನೆ ಹೊಸ್ಲಿಗೆ ಕಣವ್ವ, ಜಗಳದ್ ಹೊಸ್ಲಿಗಲ್ಲ!”

ನಾನೂ ನಕ್ಕೆ. ಅಳುತ್ತಲೇ ನಕ್ಕೆ. ರವೀಶ್ ಬಂದು ಇಬ್ಬರನ್ನೂ ನೋಡಿ, ಏನೂ ಕೇಳದೆ ತಾವೇ ಕಾಫಿ ಮಾಡಿಕೊಂಡರು.

ಜುಲೈ 30, ಭಾನುವಾರ

ಮಳೆ. ಬಟ್ಟೆ ಒಣಗಿಲ್ಲ. ಅತ್ತೆ ಶುಕ್ರವಾರದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಚೊಂಬು ತಿಕ್ಕುತ್ತಿದ್ದಾರೆ. ಹುಣಸೆಹಣ್ಣು ಸೋಕಿದ ಕಡೆಯೆಲ್ಲ ಹಿತ್ತಾಳೆ ಬೆಳಗಿನ ಹಾಗೆ ಹೊಳೆಯಿತು. ಅದನ್ನೇ ನೋಡುತ್ತಾ ಕೂತಿದ್ದೆ.

ಆಗಸ್ಟ್ 2, ಬುಧವಾರ

ನಿಧಾನವಾಗಿ ಬರೆಯುತ್ತೇನೆ, ಒಂದೂ ಬಿಟ್ಟುಹೋಗಬಾರದು.

ಬೆಳಿಗ್ಗೆ ರಾತ್ರಿಯ ಮಳೆ ನಿಂತು ರನ್‌ವೇ ಕನ್ನಡಿಯಾಗಿತ್ತು. ಚಿಕ್ಕಮಾರಯ್ಯ ಸೈಕಲ್ ತುಳಿದರೆ ಕೆಳಗೊಬ್ಬ ಚಿಕ್ಕಮಾರಯ್ಯ ತಲೆಕೆಳಗಾಗಿ ತುಳಿಯುತ್ತಿದ್ದ. ಹೆದರಿದ ಎಮ್ಮೆಯೂ ಎರಡು. ನಾನು ಎಡಗಡೆ ಕೂತೆ, ಕನಕರಾಜು ಸಾರ್ ಬಲಗಡೆ.

ಧಣಿಗಳ ಹೆಂಡತಿ ಪುಟ್ಟತಾಯಮ್ಮನವರು ಮೊದಲು ಹತ್ತಿ ಕೂತರು. ಬೆಳಗಾವಿಯಲ್ಲಿ ತಂಗಿಯ ಮನೆ, ಬಾಗಿನ ಕೊಟ್ಟು ಸಂಜೆಯೊಳಗೆ ವಾಪಸು. ಹಿಂದೆ ಧಣಿಗಳು. ಮೆಟ್ಟಿಲ ಮೇಲೆ ಒಂದು ಕಾಲು, ಒಳಗೆ ಕತ್ತು.

“ಹೋಗ್ಬುಟ್ ಬರಾನ?”

ಬಾಯಿ ತೆರೆದೆ. ಮಾತು ಬರಲಿಲ್ಲ. ಹಠವಲ್ಲ, ನಿಜವಾಗಿಯೂ ಬರಲಿಲ್ಲ. ಆ ಮಾತು ಎಡಗಡೆ ಸೀಟಿನದು ಎಂದು ಕನಕರಾಜು ಸಾರ್ ಹೇಳಿದ್ದು ನೆನಪಾಯಿತು. ಆಫೀಸಿನಲ್ಲಿ ಕ್ಯಾಪ್ಟನ್ ಅಲ್ಲದವಳು ಇಲ್ಲಿ ಕ್ಯಾಪ್ಟನ್ನಿನ ಮಾತು ಹೇಗೆ ಆಡಲಿ?

“ಏನಮ್ಮ, ಬರಾನ?”

“ಅದನ್ನ ಕ್ಯಾಪ್ಟನ್ ಹೇಳ್ಬೇಕು ಸಾರ್” ಅಂದೆ. ನನ್ನ ಧ್ವನಿ ನನಗೇ ಸಣ್ಣಗೆ ಕೇಳಿಸಿತು. “ನಾನಿನ್ನೂ ಕೋ-ಪೈಲಟ್ ಅಂತೆ.”

ಧಣಿಗಳ ಕತ್ತು ಬಲಗಡೆಗೆ ತಿರುಗಿತು. “ಕನಕರಾಜು, ನೀವಾದ್ರೂ ಅನ್ರೀ!”

ಕನಕರಾಜು ಸಾರ್ ಕಿಟಕಿಯಾಚೆ ತೆಂಗಿನ ತೋಟವನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. “ನಾನಿವತ್ತು ಬಲಗಡೆ ಕೂತಿದೀನಿ ಸಾರ್.”

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹತ್ತುವ ಹಾಗಿಲ್ಲ, ಇಳಿದರೆ ಅಪಶಕುನ. ಕೊಕ್ಕರೆ ಅಲ್ಲಾಡಲಿಲ್ಲ. ಪುಟ್ಟತಾಯಮ್ಮನವರು ಮಡಿಲಲ್ಲಿದ್ದ ಬಾಗಿನದ ಮೊರ ಪಕ್ಕಕ್ಕಿಟ್ಟರು.

“ಏನ್ರೀ ಅದು? ಕೋ ಅಂದ್ರೇನು?”

“ಏನಿಲ್ಲ ಬುಡೇ, ಸಂಬಳದ್ ವಿಚಾರ...”

“ಓಡಿಸ್ತಾ ಇರೋಳು ಅವ್ಳೇ ತಾನೇ?”

“ಅವ್ಳೇ. ಆದ್ರೆ ಹೊಸ್ದಾಗಿ ಮದ್ವೆ, ನಾಳೆ ಬಾಣಂತನ ಅಂತ...”

“ನಾನ್ ನಾಕ್ ಹೆತ್ತು, ಬಾಣಂತಿ ಮಂಚದ್ ಮ್ಯಾಲೇ ಕೂತು ನಿಮ್ ಕ್ವಾರಿ ಕೂಲಿ ಬಟವಾಡೆ ಮಾಡ್ಲಿಲ್ವಾ? ಆಗ್ ಯಾರ್ ತೂಗಿದ್ರು ತೊಟ್ಲ? ಆ ಮಗ ಏನ್ ಕೇಳ್ತಾಳೋ ಅದ್ ಕೊಟ್ಟು ಹತ್ತಿ ಮ್ಯಾಕೆ! ನಾಡಿದ್ದು ಹಬ್ಬ, ನಾನ್ ವಾಪಸ್ ಬರ್ಬೇಕು!”

ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ಕೈಗಳು ತೊಡೆಯ ಮೇಲೆ ಗಟ್ಟಿಯಾಗಿದ್ದವು. ಆಗ ಧಣಿಗಳು ಸಣ್ಣಗೆ ನಕ್ಕರು. ಅವತ್ತಿನ ಆಫೀಸಿನ ನಗುವಲ್ಲ ಅದು.

“ಆಯ್ತು ಕಣಮ್ಮ, ಕ್ಯಾಪ್ಟನ್ನೇ ನೀನು. ಸಂಬಳನೂ ಅದೇ. ಈ ಶ್ರಾವಣದಿಂದ.”

“ಆಷಾಢದ್ದೂ ಸೇರಿಸಿ ಸಾರ್.” ನಾನೇ! ನಾನೇ ಅಂದದ್ದು!

“ಆಷಾಢದ್ದೂ ಸೇರಿಸ್ಕೋ! ಕಾಲ್ ನೋಯ್ತದೆ, ಈಗ ಅನ್ನು ತಾಯಿ.”

“ಬರೋಣ ಸಾರ್.”

ಎರಡನೇ ಕಾಲು ಒಳಗೆ ಬಂತು.

ರನ್‌ವೇಯ ಕನ್ನಡಿ ಒಡೆದು ನೀರು ಎರಡೂ ಕಡೆ ರೆಕ್ಕೆಯಂತೆ ಎದ್ದಿತು. ನಾವು ಮೇಲೆದ್ದೆವು. ಗುಬ್ಬಿಯ ತೋಟಗಳು ಕೆಳಗೆ ಸರಿದವು. ಮೇಲಿನಿಂದ ನೋಡಿದರೆ ತೆಂಗು ಮರದ ಹಾಗಿರುವುದಿಲ್ಲ, ನೆಲಕ್ಕೆ ಯಾರೋ ಹಸಿರು ನಕ್ಷತ್ರಗಳನ್ನು ಸಾಲಾಗಿ ನೆಟ್ಟ ಹಾಗಿರುತ್ತದೆ. ಅವುಗಳಲ್ಲಿ ಯಾವುದೋ ಒಂದು ಸಾಲು ಮಾವನವರದು. ಈ ದಾರಿಯಲ್ಲಿ ಎಷ್ಟು ಸಲ ಹಾರಿದ್ದೇನೆ, ಅದು ಯಾವುದು ಎಂದು ಹುಡುಕಿದ್ದು ಇವತ್ತೇ. ಆಮೇಲೆ ಮೋಡ, ಅದರಾಚೆ ತೊಳೆದಿಟ್ಟಂಥ ಬೆಳಕು. ಇದೆಲ್ಲ ಪ್ರತಿದಿನವೂ ಇಲ್ಲೇ ಇರುತ್ತದೆ, ನಾವು ಬಂದರೂ, ಬರದಿದ್ದರೂ. ಕನಕರಾಜು ಸಾರ್ ಒಂದೇ ಮಾತು ಹೇಳಿದರು: “ಕಾಯಿ ಚೆನ್ನಾಗೇ ಒಡೆದೆಯಮ್ಮ.”

ಸಂಜೆ ಇಳಿಯುವ ಮುಂಚೆ ಧಣಿಗಳ ಅಪ್ಪಣೆ ಕೇಳಿ ಕುಣಿಗಲ್ಲಿನ ಮೇಲೆ ಒಂದು ಸುತ್ತು ಹಾಕಿದೆ. ಬಿಳಿ ಬೇಲಿಯ ಹತ್ತಿರ ಒಂದು ದೊಡ್ಡ ಚುಕ್ಕಿ, ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ. ಎರಡೂ ಅಲ್ಲಾಡದೆ ನಿಂತಿದ್ದವು.

ಮನೆಯಲ್ಲಿ ಎಲ್ಲ ಹೇಳಿದೆ. ಒಂದೇ ಕಾಲಲ್ಲಿ ನಿಂತು ಅಭಿನಯವನ್ನೂ ಮಾಡಿ ತೋರಿಸಿದೆ. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. ರವೀಶ್ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದರು.

“ದೆಹಲಿಗೆ ಉತ್ತರ ಕೊಡೋಕೆ ಜುಲೈ ಕೊನೆ ಅಲ್ವೇನೇ? ಮುಗಿದೇ ಹೋಯ್ತಲ್ಲ!”

ಹೌದಲ್ಲ! ಸೋಮವಾರಕ್ಕೇ ಮುಗಿದಿತ್ತು. ನನಗೆ ನೆನಪೇ ಆಗಿರಲಿಲ್ಲ. ಕಾಗದ ಎಲ್ಲಿದೆಯೋ, ಬ್ಯಾಗಿನಲ್ಲಂತೂ ಇಲ್ಲ. ಅತ್ತೆ ಕಾಫಿಪುಡಿ ಡಬ್ಬಿಯ ಕೆಳಗೆ ಹಾಸಿದ್ದಾರೆ ಅನ್ನಿಸುತ್ತದೆ.

“ಹಂಗಾದ್ರೆ ಇವತ್ತು ಧಣಿಗಳ ಹತ್ರ ಜಗಳ ಆಡೋವಾಗ ನಿನ್ ಕೈಯಲ್ಲಿ ಏನೂ ಇರ್ಲಿಲ್ವಲ್ಲೇ!”

“ಇತ್ತಲ್ಲರೀ, ವಿಮಾನ!”

ಕುಣಿಗಲ್ಲಿನಲ್ಲಿ ಅವತ್ತು ಹಾಗೇಕೆ ‘ಹೋಗ್ಬಿಟ್ ಬಾ’ ಅಂದಿರಿ ಎಂದು ಈಗ ಕೇಳಿದೆ. “ಬಾ ಅಂತಲೂ ಅಂದಿದ್ನಲ್ಲೇ” ಅಂದರು.

ಅತ್ತೆ ಊಟಕ್ಕೆ ಕೂಗುತ್ತಿದ್ದಾರೆ, ಮುದ್ದೆ ಆರುತ್ತದಂತೆ. ಬರ್ತೀನಿ.